ರಸೀದಿಯಲ್ಲಿ ಹೆಸರು

ಕುಡಿದು ಗಾಡಿ ಓಡಿಸಿ ಮೊದಲ ಸಲ ಸಿಕ್ಕಿಬಿದ್ದವರಿಗೆ 2,000 ರೂಪಾಯಿವರೆಗೆ ಇದ್ದ ದಂಡವನ್ನು 2019ರಲ್ಲಿ 10,000ಕ್ಕೆ ಏರಿಸಿದಾಗ ಗಂಡಸರು ಗೊಣಗಿದರು, ನಾವು ಹೆಂಗಸರು ಒಳಗೊಳಗೇ ಹಿಗ್ಗಿದೆವು. ಆರು ತಿಂಗಳವರೆಗಿನ ಸೆರೆವಾಸ ಮೊದಲೂ ಇತ್ತು, ಈಗಲೂ ಇದೆ. ಅದಕ್ಕೆ ಹೆದರಿದವರನ್ನು ನಾನಂತೂ ಕಂಡಿಲ್ಲ. ದುಡ್ಡಿಗಾದರೂ ಹೆದರಲಿ ಎಂಬುದು ನಮ್ಮ ಲೆಕ್ಕ.

ಆ ದುಡ್ಡು ಯಾರದು ಎಂಬುದನ್ನು ಕಣ್ಣಾರೆ ಕಂಡದ್ದು ನನ್ನ ತಂಗಿಯ ಗಂಡ ಸಿಕ್ಕಿಬಿದ್ದಾಗ. 100 ಮಿಲಿಲೀಟರ್ ರಕ್ತದಲ್ಲಿ ಮದ್ಯದ ಅಂಶ 30 ಮಿಲಿಗ್ರಾಂ ಮೀರಬಾರದು. ಪೊಲೀಸರು ಊದಿಸಿದ ಯಂತ್ರ ಅದರ ಮೂರರಷ್ಟು ತೋರಿಸಿತಂತೆ. ಸ್ಕೂಟರು ಠಾಣೆಗೆ, ಲೈಸೆನ್ಸ್ ಆರ್‌ಟಿಓ ಕಚೇರಿಗೆ, ಮನುಷ್ಯ ಮನೆಗೆ. ದಂಡ ಕಟ್ಟಿದ್ದು ತಂಗಿ, ಮಗಳ ಕಾಲೇಜು ಫೀಸಿಗೆಂದು ಎತ್ತಿದ್ದ ಚೀಟಿಯ ಹಣದಿಂದ. ರಸೀದಿಯಲ್ಲಿ ಹೆಸರು ಮಾತ್ರ ಅವರದು. ಎಂಟು ದಿನ ಕಳೆಯುವಷ್ಟರಲ್ಲಿ ಮತ್ತೆ ಕುಡಿದು ಬಂದರು. ಸ್ಕೂಟರ್ ಇರಲಿಲ್ಲವಾಗಿ ಆಟೋದಲ್ಲಿ ಬಂದರು, ಅದೇ ಪುಣ್ಯ.

ಮದುವೆ ಮನೆಯಲ್ಲಿ ಯಾರೋ ಒತ್ತಾಯಿಸಿದರೆಂದು ಕುಡಿದು ಗಾಡಿ ಹತ್ತಿದವನಿಗೂ, ಬೆಳಿಗ್ಗೆ ಕಾಫಿ ಲೋಟ ಹಿಡಿಯಲಾರದೆ ಕೈ ನಡುಗುವವನಿಗೂ ಒಂದೇ ದಂಡ. ಮೊದಲನೆಯವನಿಗೆ ಅದು ಸಾಕು, ಜನ್ಮದಲ್ಲಿ ಮರೆಯುವುದಿಲ್ಲ. ಎರಡನೆಯವನ ನಡುಕ ಯಾವ ರಸೀದಿಗೂ ನಿಲ್ಲದು. ಅಂಥವರು ಛಲ ಮಾಡಿ ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಜೀವಕ್ಕೇ ಕುತ್ತಾಗಬಹುದು ಎಂದು ನಮ್ಮ ಡಾಕ್ಟರು ಹೇಳಿದಾಗ ತಂಗಿ ನನ್ನ ಮುಖ ನೋಡಿದಳು. "ಬಿಟ್ಟುಬಿಡಿ ಅಂತ ಇಷ್ಟು ವರ್ಷ ದೇವರ ಮುಂದೆ ಆಣೆ ಹಾಕಿಸಿದ್ದೇನಲ್ಲ ಅಕ್ಕಾ" ಎಂದಳು.

ಪಕ್ಕದ ಮನೆಯಾಕೆ, ಸಾರಿನಲ್ಲಿ ಗೊತ್ತಾಗದಂತೆ ಬೆರೆಸುವ ಪುಡಿಯೊಂದರ ಜಾಹೀರಾತು ತಂದುಕೊಟ್ಟಿದ್ದಳು. ದಯವಿಟ್ಟು ಆ ದಾರಿಗೆ ಯಾರೂ ಹೋಗಬೇಡಿ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಂ ಮಾತ್ರೆ ನುಂಗಿದವನು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದ ಒತ್ತಡ ಕುಸಿಯುತ್ತದೆ. ಅದನ್ನು ರೋಗಿಗೆ ತಿಳಿಸಿ, ಒಪ್ಪಿಸಿ, ವೈದ್ಯರ ಕಣ್ಗಾವಲಿನಲ್ಲೇ ಕೊಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1990ರ ದಶಕದಿಂದಲೂ ವ್ಯಸನಮುಕ್ತಿ ವಿಭಾಗವಿದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರಗಳು ಹಳ್ಳಿಹಳ್ಳಿಗಳಲ್ಲಿ ನಡೆಯುತ್ತವೆ. ಇವೆಲ್ಲ ಇದ್ದೂ, ದಂಡ ಕಟ್ಟಿಸಿಕೊಂಡ ಜಾಗದಲ್ಲಿ ಇವುಗಳ ಹೆಸರನ್ನು ಯಾರೂ ಎತ್ತಲಿಲ್ಲ. "ದಿನಾ ಕುಡಿಯುತ್ತೀರಾ?" ಎಂದು ಸಹ ಕೇಳಲಿಲ್ಲ.

2019ರ ತಿದ್ದುಪಡಿಯ ಪ್ರಕಾರ, ತಡೆಹಿಡಿದ ಲೈಸೆನ್ಸ್ ಮರಳಬೇಕಾದರೆ ಚಾಲನೆಯ ಮರುತರಬೇತಿ ಪಡೆಯಬೇಕಂತೆ. ಓದಿ ನಗು ಬಂತು. ಇಪ್ಪತ್ತು ವರ್ಷ ಸ್ಕೂಟರ್ ಓಡಿಸಿದವರಿಗೆ ಬ್ರೇಕು ಎಲ್ಲಿದೆಯೆಂದು ಗೊತ್ತಿಲ್ಲವೆ? ಅಮೆರಿಕದ ಹಲವು ಕಡೆ ಇಂಥ ಮೊಕದ್ದಮೆಗಳಿಗೇ ಬೇರೆ ನ್ಯಾಯಾಲಯಗಳಿವೆ. ಮತ್ತೆ ಮತ್ತೆ ಸಿಕ್ಕಿಬೀಳುವವನು ಅಲ್ಲಿ ಚಿಕಿತ್ಸೆ ಪಡೆಯಲೇಬೇಕು, ಆಗಾಗ ನ್ಯಾಯಾಧೀಶರ ಮುಂದೆ ನಿಂತು ಲೆಕ್ಕ ಒಪ್ಪಿಸಬೇಕು. ಉಸಿರು ಊದಿ ಶುದ್ಧವೆಂದು ತೋರಿಸದ ಹೊರತು ಚಾಲೂ ಆಗದ ಯಂತ್ರವನ್ನು ಕಾರಿಗೆ ಜೋಡಿಸುವುದೂ ಉಂಟು. ನಮ್ಮಲ್ಲೂ 2024ರ ಜುಲೈಯಲ್ಲಿ ಜಾರಿಯಾದ ನ್ಯಾಯ ಸಂಹಿತೆ, ಕುಡಿದು ಬೀದಿಯಲ್ಲಿ ಗಲಾಟೆ ಮಾಡಿದವನಿಗೆ ಸಮುದಾಯ ಸೇವೆಯ ಶಿಕ್ಷೆ ಕೊಡಬಹುದು ಎನ್ನುತ್ತದೆ. ಬೀದಿಯಲ್ಲಿ ತೂರಾಡಿದವನಿಗೆ ದಂಡವಲ್ಲದ ದಾರಿಯೊಂದನ್ನು ಯೋಚಿಸಿದವರು ಸ್ಕೂಟರ್ ಹತ್ತಿದವನಿಗೂ ಯೋಚಿಸಬಹುದಿತ್ತು.

ಇದನ್ನೆಲ್ಲ ನಮಗೆ ಹೂ ಕೊಡುವಾಕೆಯ ಮುಂದೆ ಹೇಳಿದೆ. ಅವಳ ಮಗ ಬೆಳಗಿನ ಜಾವ ಮಾರುಕಟ್ಟೆಯಿಂದ ಸೈಕಲ್ಲಿನಲ್ಲಿ ಹೂ ತರುತ್ತಿದ್ದಾಗ ಕುಡಿದವನೊಬ್ಬ ಕಾರು ಗುದ್ದಿಸಿ, ಹುಡುಗನ ಬಲಗಾಲು ಹೋಯಿತು. ಮೊಳ ಹಾಕುತ್ತಿದ್ದ ಕೈ ನಿಲ್ಲಿಸದೆ ಅವಳೆಂದಳು: "ಅವನಿಗೆ ಕಾಯಿಲೆ ಅಂತೀರಿ, ಇರಲಿ ಅಮ್ಮಾ. ಔಷಧಿ ಕುಡಿಸಿ. ಆದ್ರೆ ಜೈಲಲ್ಲಿ ಕೂರಿಸ್ಕಂಡೇ ಕುಡಿಸಿ."

ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಕಾಲು ಕಳೆದವನ ತಾಯಿಯೆದುರು ಕಾಯಿಲೆಯ ಮಾತು ಎಷ್ಟು ತೆಳುವೆಂದು ಅಂದು ಅರ್ಥವಾಯಿತು. ಆದರೂ ಒಂದು ಹಟ ನನ್ನದು. ಯಾರ ಕಾಲೂ ಹೋಗುವ ಮೊದಲು, ಬರಿಯ ಯಂತ್ರ ಊದಿ ಸಿಕ್ಕಿಬಿದ್ದ ಆ ಮೊದಲ ರಾತ್ರಿಯೇ, ಲೈಸೆನ್ಸನ್ನೂ ಕಸಿದುಕೊಳ್ಳಲಿ, ಆಸ್ಪತ್ರೆಯ ಬಾಗಿಲನ್ನೂ ತೋರಿಸಲಿ. ಚಿಕಿತ್ಸೆಗೆ ಹೋದ ಚೀಟಿ ತೋರಿಸಿದರೆ ದಂಡದಲ್ಲಿ ಅರ್ಧ ಬಿಡಲಿ. ಆ ಅರ್ಧ ಹೇಗೂ ಹೆಂಡತಿಯದೇ ತಾನೆ!

ತಂಗಿಯ ಗಂಡ ಈಗ ತಿಂಗಳಿಗೊಮ್ಮೆ ಹಾಸನದಿಂದ ಬಸ್ಸು ಹತ್ತಿ ನಿಮ್ಹಾನ್ಸ್‌ಗೆ ಹೋಗಿಬರುತ್ತಾರೆ. ನಡುವೆ ಎರಡು ಸಲ ಜಾರಿದ್ದೂ ಆಯಿತು. ಲೈಸೆನ್ಸ್ ತಡೆದ ಅವಧಿ ಮುಗಿದಿದೆ, ಬಿಡಿಸಿಕೊಂಡು ಬರೋಣವೆಂದು ಅವರದು ಒಂದೇ ವರಾತ. ಭರ್ತಿ ಮಾಡಿದ ಅರ್ಜಿ ತಂಗಿಯ ಬೀರುವಿನಲ್ಲಿ, ಸೀರೆಗಳ ಅಡಿ ಇದೆ. ಇನ್ನೂ ಆರು ತಿಂಗಳು ಅಲ್ಲೇ ಇರಲಿ ಎನ್ನುತ್ತಾಳೆ.