ಹೇಳದೆ ಮಾರಿದ ದೋಷ

ಮಳೆಗಾಲ ಕಾಲಿಟ್ಟಿತೆಂದರೆ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಸೀಮೆಯ ಯಾವ ಅಂಗಳವೂ ಬರಿದಾಗಿ ಉಳಿಯುವುದಿಲ್ಲ. ಜೋಯಿಡಾದ ಘಟ್ಟದಂಚಿನಲ್ಲಿ ಸುರಿಯುವಷ್ಟು ಮಳೆ ಮುಂಡಗೋಡದ ಬಯಲಿಗೆ ಇಲ್ಲವಾದರೂ, ಆಷಾಢ ಕಳೆಯುವಷ್ಟರಲ್ಲಿ ಎಲ್ಲೆಡೆಯೂ ಹುಲ್ಲು ಮೊಣಕಾಲು ಮುಟ್ಟುತ್ತದೆ. ಹಾವು, ಜಿಗಣೆಗಳ ಭಯದಿಂದ ಮಕ್ಕಳೂ ವೃದ್ಧರೂ ಅಂಗಳಕ್ಕಿಳಿಯಲು ಹಿಂಜರಿಯುತ್ತಾರೆ. ಶಾಲೆ, ಗುಡಿ, ಬಸದಿಗಳ ಆಡಳಿತ ನೋಡುವವರಿಗೆ ಇದು ಪ್ರತಿವರ್ಷದ ಚಿಂತೆ. ಕುಡುಗೋಲು ಹಿಡಿಯುವ ಆಳುಗಳು ಈಗ ಸಿಗುವುದಿಲ್ಲವೆಂಬ ಮಾತು ಸಭೆ ಸಭೆಯಲ್ಲಿ ಕೇಳಿಬರುತ್ತದೆ. ಹುಡುಕಿ ನೋಡಿದವರು ಎಷ್ಟು ಮಂದಿ ಎಂಬುದು ಬೇರೆ ಪ್ರಶ್ನೆ.

ಈ ಸೀಮೆಯ ಒಂದು ಬಸದಿಯ ವಿಶ್ವಸ್ತರು ಇದೇ ಚಿಂತೆಯಿಂದ ಒಂದು ವರ್ಷ ಹುಲ್ಲು ಕತ್ತರಿಸುವ ಯಂತ್ರವನ್ನು ಕೊಂಡರು. ಹೊಸದನ್ನು ಕೊಳ್ಳುವಷ್ಟು ಹಣ ಬಸದಿಯಲ್ಲಿರಲಿಲ್ಲ. ದಾಂಡೇಲಿಯ ಸುತ್ತ ಕಾಳಿ ನದಿಯ ದಂಡೆಯಲ್ಲಿ ಪ್ರವಾಸಿಗರ ವಸತಿಗೃಹಗಳು ಹಲವು ಇವೆ. ಅವುಗಳಲ್ಲೊಂದು ತನ್ನ ಹಳೆಯ ಲಾನ್ ಮೂವರನ್ನು ಮಾರುತ್ತಿದೆಯೆಂದು ತಿಳಿದು, ಕಡಿಮೆ ಬೆಲೆಗೆ ಅದನ್ನು ತರಿಸಲಾಯಿತು. ನಾಲ್ಕು ಗಾಲಿ, ತಳದಲ್ಲಿ ಅಡ್ಡಲಾಗಿ ತಿರುಗುವ ಒಂದು ಅಲಗು, ಮೇಲೆ ಪೆಟ್ರೋಲ್ ಎಂಜಿನ್, ಹಗ್ಗ ಎಳೆದು ಚಾಲೂ ಮಾಡುವ ಏರ್ಪಾಡು. ಬಣ್ಣ ಮಾಸಿರಲಿಲ್ಲ. ಮಾರಿದವರು ‘ಒಂದು ವರ್ಷದಿಂದ ಬಳಸಿಲ್ಲ, ಅಷ್ಟೆ’ ಎಂದಿದ್ದರು.

ಬಟ್ಟೆಯ ವ್ಯಾಪಾರದವರಿಗೆ ರುಚಿಸುವ ಸಂಗತಿಯೊಂದು ಇಲ್ಲಿದೆ. ಈ ಯಂತ್ರ ಹುಟ್ಟಿದ್ದು ತೋಟದಲ್ಲಲ್ಲ, ಜವಳಿಯ ಕಾರ್ಖಾನೆಯ ನೆರಳಿನಲ್ಲಿ. ಇಂಗ್ಲೆಂಡಿನ ಸ್ಟ್ರೌಡ್ ಪ್ರದೇಶದ ಎಡ್ವಿನ್ ಬಡ್ಡಿಂಗ್ ಎಂಬಾತ, ಉಣ್ಣೆಯ ಬಟ್ಟೆಯ ಮೇಲೆದ್ದ ಎಳೆಗಳನ್ನು ಸಮನಾಗಿ ಕತ್ತರಿಸುವ ಯಂತ್ರವನ್ನು ಕಂಡು, ಅದೇ ತತ್ತ್ವವನ್ನು ಹುಲ್ಲಿಗೆ ಅನ್ವಯಿಸಿ 1830ರಲ್ಲಿ ಸನ್ನದು ಪಡೆದನು. ಆ ದೇಶದ ಸಿರಿವಂತರ ಹುಲ್ಲುಹಾಸಿನ ಶೋಕಿಗಾಗಿ ಹುಟ್ಟಿದ ಸಾಧನ ಇಂದು ಸಹ್ಯಾದ್ರಿಯ ಮಳೆಯಲ್ಲಿ ತೊಯ್ದ ಒರಟು ಹುಲ್ಲಿನ ಮೇಲೆ ದುಡಿಯಬೇಕಾಗಿದೆ.

ಯಂತ್ರ ಬಸದಿಗೆ ಬಂದಿತು. ಆದರೆ ಚಾಲೂ ಆಗಲಿಲ್ಲ. ಇಬ್ಬರು ತರುಣರು ಸರದಿಯಲ್ಲಿ ಹಗ್ಗ ಎಳೆದು ದಣಿದರು. ವಿಶ್ವಸ್ತರಲ್ಲೊಬ್ಬರಾದ ಹಳಿಯಾಳದ ಕಿರಾಣಿ ವರ್ತಕರು, ವಾಣಿಜ್ಯ ಪದವೀಧರರಾದರೂ ಕೈಕೆಲಸದಲ್ಲಿ ಆಸಕ್ತಿಯುಳ್ಳವರು, ಅದನ್ನು ಟೆಂಪೋದಲ್ಲಿ ಹೇರಿಸಿಕೊಂಡು ದಾಂಡೇಲಿಗೆ ಒಯ್ದರು. 1955ರಲ್ಲಿ ಸ್ಥಾಪಿತವಾದ ಕಾಗದದ ಗಿರಣಿಯಿಂದಾಗಿ ಆ ಊರಿನಲ್ಲಿ ಒಳ್ಳೆಯ ಫಿಟ್ಟರುಗಳಿಗೆ ಕೊರತೆಯಿಲ್ಲ. ನಿವೃತ್ತರಾಗಿ ಮನೆಯ ಮುಂದೆಯೇ ಪಂಪುಸೆಟ್ಟು, ಹುಲ್ಲಿನ ಯಂತ್ರಗಳನ್ನು ರಿಪೇರಿ ಮಾಡುವ ಒಬ್ಬರು ಅದನ್ನು ಕೈಗೆತ್ತಿಕೊಂಡರು.

ಆ ಫಿಟ್ಟರು ಹಗ್ಗಕ್ಕೆ ಕೈ ಹಾಕಲಿಲ್ಲ. ಮೊದಲು ಪ್ಲಗ್ಗಿನ ವಯರನ್ನು ಕಿತ್ತು ಬದಿಗೆ ಸರಿಸಿದರು. ಅಲಗಿರುವ ಯಂತ್ರವನ್ನು ಮುಟ್ಟುವ ಮುನ್ನ ಮಾಡಬೇಕಾದ ಮೊದಲ ಕೆಲಸ ಅದು. ಅನಂತರ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದರು. ಪೆಟ್ರೋಲು ಹಳಸಿತ್ತು. ಎಂಜಿನ್ನಿಗೆ ಬೇಕಾದದ್ದು ಮೂರೇ: ಸರಿಯಾದ ಇಂಧನ ಮತ್ತು ಗಾಳಿಯ ಮಿಶ್ರಣ, ಅದನ್ನು ಒತ್ತಿ ಹಿಡಿಯುವ ಬಿಗುವು, ತಕ್ಕ ಕ್ಷಣದಲ್ಲಿ ಒಂದು ಕಿಡಿ. ಈ ಮೂರನ್ನು ಒಂದೊಂದಾಗಿ ಪರೀಕ್ಷಿಸದೆ ಹಗ್ಗ ಎಳೆಯುತ್ತಿದ್ದರೆ ತೋಳು ನೋಯುತ್ತದೆಯೇ ಹೊರತು ದೋಷ ತಿಳಿಯುವುದಿಲ್ಲ.

ಕಾರ್ಬೊರೇಟರಿನ ಬಟ್ಟಲನ್ನು ಬಿಚ್ಚಿದಾಗ ತಳದಲ್ಲಿ ಅಂಟಿನಂತಹ ಹಳದಿ ಮಡ್ಡಿಯೂ ಕೆಲವು ನೀರಿನ ಹನಿಗಳೂ ಕಂಡವು. ಇದಕ್ಕೆ ಕಾರಣ ಬಹುಮಟ್ಟಿಗೆ ಎಥನಾಲ್. ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆಸುವ ಗುರಿಯನ್ನು ದೇಶವು 2025ರಲ್ಲಿ ತಲುಪಿತು. ಕಬ್ಬಿನಿಂದ ಎಥನಾಲ್ ತಯಾರಾಗುವ ಸ್ಥಳಗಳಲ್ಲಿ ಹಳಿಯಾಳವೂ ಒಂದು. ಕಬ್ಬು ಬೆಳೆಗಾರನಿಗೆ ಇದರಿಂದ ಹಿತವಾಗಿರಬಹುದು. ಆದರೆ ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಮಿತಿಮೀರಿದರೆ ನೀರಿನೊಡನೆ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಹಳೆಯ ಚಿಕ್ಕ ಎಂಜಿನ್ನುಗಳಲ್ಲಿ ಹೆಚ್ಚಿನವು ಶೇಕಡಾ 10ರವರೆಗಿನ ಮಿಶ್ರಣಕ್ಕಷ್ಟೇ ತಕ್ಕವು. ದಿನವೂ ಓಡುವ ಸ್ಕೂಟರಿಗೆ ಕಾಡದ ತೊಂದರೆ ವರ್ಷದಲ್ಲಿ ಮೂರು ತಿಂಗಳು ದುಡಿದು ಒಂಬತ್ತು ತಿಂಗಳು ಮಲಗುವ ಇಂತಹ ಯಂತ್ರಕ್ಕೆ ಕಾಡುತ್ತದೆ. ಕೆಲಸ ಮುಗಿದ ದಿನವೇ ಟ್ಯಾಂಕನ್ನು ಬರಿದುಮಾಡಿ, ಕಾರ್ಬೊರೇಟರಿನಲ್ಲಿ ಉಳಿದದ್ದು ತೀರುವವರೆಗೆ ಎಂಜಿನನ್ನು ಓಡಿಸಿ ಇಟ್ಟರೆ ಈ ಪಾಡು ತಪ್ಪುತ್ತದೆ.

ಮಡ್ಡಿಯನ್ನು ತೊಳೆದು, ಜೆಟ್ಟಿನ ಸಣ್ಣ ರಂಧ್ರವನ್ನು ತೆಳುವಾದ ತಂತಿಯ ಎಳೆಯಿಂದ ಬಿಡಿಸಿ, ಹೊಸ ಪೆಟ್ರೋಲು ಹಾಕಿದ್ದಾಯಿತು. ಪ್ಲಗ್ಗನ್ನು ಉಜ್ಜಿ, ಅದರ ಅಂತರವನ್ನು ಮುಕ್ಕಾಲು ಮಿಲಿಮೀಟರಿಗೆ ಹೊಂದಿಸಿದ್ದಾಯಿತು. ಕಿಡಿ ಹಾರುತ್ತಿತ್ತು, ಬಿಗುವೂ ಇತ್ತು. ಆದರೂ ಯಂತ್ರ ಹಿಡಿಯಲಿಲ್ಲ. ಬದಲಿಗೆ ಹಗ್ಗವು ಫಿಟ್ಟರ ಕೈಯಿಂದ ಹಿಂದಕ್ಕೆ ಝಾಡಿಸಿ ಎಳೆದುಕೊಂಡಿತು. ಅವರು ಹಗ್ಗ ಬಿಟ್ಟು ನಿಂತರು. “ಸಾವ್ಕಾರ್ರ, ಇದು ಪೆಟ್ರೋಲಿನ ರೋಗ ಅಷ್ಟ ಅಲ್ರಿ. ಕಿಡಿ ಬೀಳ್ತೈತಿ, ಆದ್ರ ವ್ಯಾಳ್ಯಾ ತಪ್ಪಿ ಬೀಳ್ತೈತಿ” ಎಂದರು.

ಮೇಲಿನ ಕವಚ ತೆಗೆದು ಫ್ಲೈವೀಲನ್ನು ಎತ್ತಿದಾಗ ನಿಜಾಂಶ ಹೊರಬಿದ್ದಿತು. ಫ್ಲೈವೀಲಿನ ಅಂಚಿನಲ್ಲಿ ಒಂದು ಅಯಸ್ಕಾಂತವಿರುತ್ತದೆ; ಅದು ಸುರುಳಿಯ ಮುಂದೆ ಹಾದುಹೋಗುವ ಕ್ಷಣದಲ್ಲಿ ಕಿಡಿ ಹುಟ್ಟುತ್ತದೆ. ಆ ಕ್ಷಣಕ್ಕೆ ಪಿಸ್ಟನ್ ತನ್ನ ಸ್ಥಾನದಲ್ಲಿರಬೇಕಾದರೆ, ಫ್ಲೈವೀಲು ಮತ್ತು ಎಂಜಿನ್ನಿನ ದಂಡ ಒಂದಕ್ಕೊಂದು ಕದಲದಂತೆ ಕೂಡಿರಬೇಕು. ಅವನ್ನು ಹೊಂದಿಸಿ ಹಿಡಿಯುವುದು ಬೆರಳಿನ ಉಗುರಿನಷ್ಟು ದೊಡ್ಡ, ಮೆದು ಲೋಹದ ಒಂದು ಕೀಲು. ಅಲಗು ಕಲ್ಲಿಗೋ ಬೊಡ್ಡೆಗೋ ಬಲವಾಗಿ ಬಡಿದು ತಟ್ಟನೆ ನಿಂತಾಗ ಈ ಕೀಲು ಕತ್ತರಿಸುತ್ತದೆ. ಈ ಯಂತ್ರದಲ್ಲಿ ಅದು ಅರ್ಧಕ್ಕೂ ಹೆಚ್ಚು ಕತ್ತರಿಸಿತ್ತು. ಬೆಲೆಯಲ್ಲಿ ಅದು ಏನೂ ಅಲ್ಲ. ಹೊಸದನ್ನು ಕೂಡಿಸಿದೊಡನೆ ಎರಡನೆಯ ಎಳೆತಕ್ಕೆ ಎಂಜಿನ್ ಹಿಡಿಯಿತು.

ತರುಣರು ಸಂತೋಷಪಟ್ಟರು. ಫಿಟ್ಟರು ಮಾತ್ರ ಯಂತ್ರದ ಹಿಡಿಕೆಯ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ನಿಂತು, ಅದನ್ನು ನಿಲ್ಲಿಸಿಬಿಟ್ಟರು. ನಡುಕ ಅತಿಯಾಗಿತ್ತು. ಪ್ಲಗ್ಗನ್ನೇ ಬಿಚ್ಚಿಟ್ಟು, ಹಗ್ಗದಿಂದ ದಂಡವನ್ನು ನಿಧಾನವಾಗಿ ತಿರುಗಿಸಿದಾಗ ತಳದ ಬೋಲ್ಟು ಒಂದೇ ಕಡೆ ನಿಲ್ಲದೆ ಸಣ್ಣ ವೃತ್ತ ಬರೆಯುತ್ತಿತ್ತು. ದಂಡದ ತುದಿ ಬಾಗಿತ್ತು. ಇಂತಹ ದಂಡವನ್ನು ಬಡಿದು ನೇರ ಮಾಡುವ ಕೆಲಸಕ್ಕೆ ತಿಳಿದವರು ಕೈಹಾಕುವುದಿಲ್ಲ. ನಿಮಿಷಕ್ಕೆ ಸುಮಾರು 3,000 ಸುತ್ತು ತಿರುಗುವಾಗ ಅರ್ಧ ಮೀಟರ್ ಉದ್ದದ ಅಲಗಿನ ತುದಿ ಗಂಟೆಗೆ 250 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿರುತ್ತದೆ. ಬಾಗಿದ ದಂಡ ಅಂತಹ ವೇಗದಲ್ಲಿ ಮುರಿದರೆ ಅಲಗು ಯಾರ ಕಾಲಿಗೆ ಬೀಳುವುದೆಂದು ಹೇಳಲಾಗದು. ಹೊಸ ದಂಡ ಹಾಕಿಸುವ ಖರ್ಚು ಯಂತ್ರದ ಬೆಲೆಯನ್ನೇ ಮೀರುತ್ತಿತ್ತು.

ಮುಂದಿನ ಸಭೆಯಲ್ಲಿ ವಿಷಯ ಚರ್ಚೆಗೆ ಬಂದಿತು. ಯಂತ್ರವೇನೋ ಚಾಲೂ ಆಗುತ್ತದೆ. ಮುಂಡಗೋಡದ ಕಡೆಯ ಅಡಿಕೆ ತೋಟದವರೊಬ್ಬರು ಕೇಳುತ್ತಿದ್ದಾರೆ. ಕೊಂಡ ಬೆಲೆಗೇ ಕೊಟ್ಟುಬಿಡೋಣವೆಂದು ಒಬ್ಬರು ಸೂಚಿಸಿದರು. ನಡುಕದ ಮಾತು ಹೇಳಬೇಕೇ ಎಂಬ ಪ್ರಶ್ನೆ ಎದ್ದಾಗ ಅವರು ಕೊಟ್ಟ ಉತ್ತರವನ್ನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ. “ಹಣ ಬಸದಿಯದು. ಸ್ವಂತ ಹಣವಾಗಿದ್ದರೆ ಉದಾರವಾಗಿ ಬಿಟ್ಟುಕೊಡಬಹುದಿತ್ತು. ಪರರ ಹಣದಲ್ಲಿ ಔದಾರ್ಯ ತೋರಲು ವಿಶ್ವಸ್ತರಿಗೆ ಏನು ಅಧಿಕಾರ? ಕೊಳ್ಳುವವನು ನೋಡಿ ಕೊಳ್ಳಲಿ.”

ಕಾಯದೆಯೂ ಬಹುಮಟ್ಟಿಗೆ ಅವರ ಪಕ್ಷದಲ್ಲಿಯೇ ಇದೆ. ವಾಣಿಜ್ಯ ಪದವಿಗೆ ಓದಿದವರೆಲ್ಲ ಬಲ್ಲ 1872ರ ಕರಾರು ಅಧಿನಿಯಮದ 17ನೆಯ ಕಲಮಿನಲ್ಲಿ ಒಂದು ಕುದುರೆಯ ದೃಷ್ಟಾಂತವಿದೆ. ಕುದುರೆಗೆ ದೋಷವಿದೆಯೆಂದು ಬಲ್ಲ ಒಡೆಯ ಅದನ್ನು ಹರಾಜಿನಲ್ಲಿ ಮಾರುವಾಗ ಏನೂ ಹೇಳದೆ ಸುಮ್ಮನಿದ್ದರೆ ಅದು ವಂಚನೆಯಲ್ಲ. ಅದೇ ಕೊಳ್ಳುವವಳು ಆಗತಾನೆ ಪ್ರಾಯಕ್ಕೆ ಬಂದ ಅವನ ಮಗಳಾಗಿದ್ದರೆ, ಹೇಳುವುದು ಅವನ ಕರ್ತವ್ಯವಾಗುತ್ತದೆ. 1930ರ ಸರಕು ಮಾರಾಟ ಅಧಿನಿಯಮವೂ ಕೆಲವು ವಿನಾಯಿತಿಗಳ ಹೊರತು ಎಚ್ಚರದ ಹೊಣೆಯನ್ನು ಕೊಳ್ಳುವವನ ಮೇಲೆಯೇ ಹೊರಿಸುತ್ತದೆ.

ಹಳಿಯಾಳದ ವರ್ತಕರು ಆ ಎರಡನೆಯ ದೃಷ್ಟಾಂತವನ್ನೇ ಹಿಡಿದರು. ಬಸದಿಯ ಹೆಸರಿನಲ್ಲಿ ಮಾರುವಾಗ ಕೊಳ್ಳುವವನು ಯಂತ್ರವನ್ನಷ್ಟೇ ನೋಡುವುದಿಲ್ಲ, ಬಸದಿಯ ಮೇಲಿನ ಭರವಸೆಯಿಂದ ಹೆಚ್ಚು ವಿಚಾರಿಸದೆ ಹಣ ಎಣಿಸುತ್ತಾನೆ; ಆದ್ದರಿಂದ ಅವನು ಹರಾಜಿನ ಅಪರಿಚಿತನಲ್ಲ, ಮಗಳ ಸ್ಥಾನದಲ್ಲಿರುವವನು ಎಂದರು. ತತ್ತ್ವಾರ್ಥಸೂತ್ರವು ಅಚೌರ್ಯವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವನ್ನು ಎಣಿಸಿದೆ. ಕೀಳು ಸರಕನ್ನು ಬೆರೆಸಿ ಉತ್ತಮವೆಂದು ದಾಟಿಸುವುದು ಅದರ ಮೂಲಾರ್ಥ. ಬಣ್ಣ ಮಾಸದ ಕವಚದೊಳಗೆ ಬಾಗಿದ ದಂಡವನ್ನಿಟ್ಟು ಮಾರುವುದು ಅದಕ್ಕೆ ಎಷ್ಟು ದೂರ? ಔದಾರ್ಯದ ಆಕ್ಷೇಪಕ್ಕೂ ಅವರ ಬಳಿ ಲೆಕ್ಕಿಗನ ಉತ್ತರವಿತ್ತು. ಬಸದಿಯ ನಷ್ಟ ಯಂತ್ರವನ್ನು ಕೊಂಡ ದಿನವೇ ಆಗಿಹೋಗಿದೆ. ಸುಮ್ಮನಿದ್ದು ಮಾರಿದರೆ ಆ ನಷ್ಟ ಅಳಿಯುವುದಿಲ್ಲ, ಇನ್ನೊಬ್ಬರ ಜೇಬಿಗೆ ವರ್ಗವಾಗುತ್ತದೆ. ಜೊತೆಗೆ ಬಸದಿಗೆ ಇಲ್ಲದಿದ್ದ ಒಂದು ಅಪಾಯ ಅವರ ಆಳಿನ ಕಾಲಿಗೆ ಅಂಟಿಕೊಳ್ಳುತ್ತದೆ.

ಆದರೂ ವಾದ ಅಲ್ಲಿಗೆ ನಿಲ್ಲಲಿಲ್ಲ. ತಮಗೆ ಮಾರಿದವರು ಹೇಳಿದ್ದರೇ ಎಂದು ಇನ್ನೊಬ್ಬರು ಕೇಳಿದರು. ವಸತಿಗೃಹದವರಿಗೆ ದೋಷ ಗೊತ್ತಿತ್ತೋ, ಕಲ್ಲಿಗೆ ಬಡಿಸಿದ ಮಾಲಿ ಒಡೆಯರಿಗೆ ತಿಳಿಸದೆಯೇ ಹೋಗಿದ್ದನೋ ನಿರ್ಣಯಿಸುವಂತಿರಲಿಲ್ಲ. ಪತ್ರ ಬರೆಯಲಾಯಿತು, ಉತ್ತರ ಬರಲಿಲ್ಲ. ತಿಳಿಯದೆ ಮಾರಿದವನಿಗೂ ತಿಳಿದು ಮಾರುವವನಿಗೂ ಇರುವ ಅಂತರವಾದರೂ ಇಲ್ಲಿ ಸ್ಪಷ್ಟವಿತ್ತು: ವಿಶ್ವಸ್ತರಿಗೆ ಈಗ ತಿಳಿದಿತ್ತು.

ಕೊನೆಗೆ ತೋಟದವರಿಗೆ ಇದ್ದದ್ದನ್ನು ಇದ್ದಂತೆ ಹೇಳಲಾಯಿತು, ಅವರು ಬೇಡವೆಂದರು. ದಾಂಡೇಲಿಯ ಫಿಟ್ಟರೇ ಕಾರ್ಬೊರೇಟರು, ಗಾಲಿ, ಸುರುಳಿಗಳ ಬಿಡಿಭಾಗಕ್ಕೆಂದು ಅಲ್ಪ ಬೆಲೆಗೆ ಕೊಂಡರು. ಲೆಕ್ಕ ಬರೆಯುವಾಗ ಮತ್ತೊಂದು ಬಿಕ್ಕಟ್ಟು. ವಾರ್ಷಿಕ ಸಭೆಯಲ್ಲಿ ಪ್ರಶ್ನೆ ಬಾರದಿರಲೆಂದು ವ್ಯತ್ಯಾಸದ ಮೊತ್ತವನ್ನು ‘ಕಟ್ಟಡ ದುರಸ್ತಿ’ಯ ತಲೆಬರಹದಡಿ ಸೇರಿಸೋಣವೆಂದು ಸಲಹೆ ಬಂದಿತು. ಕೊಳ್ಳುವವನಿಗೆ ಸತ್ಯ ಹೇಳಿ ದಾನಿಗಳಿಗೆ ಮುಚ್ಚಿಡುವುದು ವಿಚಿತ್ರವೇ ಸರಿ. ಕೂಟಲೇಖವೆಂದು ಶಾಸ್ತ್ರಕಾರರು ಹೆಸರಿಟ್ಟದ್ದು ಇಂತಹ ಬರಹಕ್ಕೇ. ‘ಯಂತ್ರ ಮಾರಾಟದಲ್ಲಿ ನಷ್ಟ’ ಎಂದೇ ಬರೆಯಲಾಯಿತು. ಸಭೆಯಲ್ಲಿ ಪ್ರಶ್ನೆ ಬಂದಿತು, ಅರ್ಧ ಗಂಟೆ ಗದ್ದಲವೂ ಆಯಿತು.

ಹುಲ್ಲಿನ ಪ್ರಶ್ನೆ ಹಾಗೆಯೇ ಉಳಿದಿತ್ತು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ನಿಷ್ಪ್ರಯೋಜಕವಾಗಿ ವನಸ್ಪತಿಯನ್ನು ಕತ್ತರಿಸುವುದನ್ನು ಪ್ರಮಾದಚರ್ಯೆಯಲ್ಲಿ ಸೇರಿಸಿದೆ. ಹಾಗಾದರೆ ಎಷ್ಟು ಕತ್ತರಿಸುವುದು ಸಪ್ರಯೋಜನ? ಯಂತ್ರ ಕೈಯಲ್ಲಿದ್ದಾಗ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಇಡೀ ಅಂಗಳವನ್ನು ವಸತಿಗೃಹದ ಹುಲ್ಲುಹಾಸಿನಂತೆ ಬೋಳಿಸುವುದೆಂದೇ ಎಲ್ಲರ ಎಣಿಕೆಯಾಗಿತ್ತು. ಈಗ ಅಳೆದು ನೋಡಿದಾಗ, ಬಾಗಿಲಿನಿಂದ ಬಾವಿಯವರೆಗಿನ ದಾರಿ ಮತ್ತು ಪ್ರದಕ್ಷಿಣೆಯ ಸುತ್ತ ಎರಡು ಮಾರು ತೆರವಾದರೆ ಸಾಕೆಂದು ಕಂಡಿತು. ಹತ್ತಿರದ ಗೌಳಿವಾಡೆಯಲ್ಲಿ ವಿಚಾರಿಸಿದಾಗ ಇಬ್ಬರು ಹೆಂಗಸರು ಕುಡುಗೋಲಿನೊಡನೆ ಬಂದರು. ಕೋಲಿನಿಂದ ಹುಲ್ಲನ್ನು ಮೆಲ್ಲನೆ ತಟ್ಟಿ, ಕಪ್ಪೆ ಹುಳುಗಳು ಸರಿದುಹೋಗಲು ಬಿಡುವು ಕೊಟ್ಟು, ಮಧ್ಯಾಹ್ನದೊಳಗೆ ಕೆಲಸ ಮುಗಿಸಿದರು. ಕೂಲಿ ಪಡೆದು, ಕೊಯ್ದ ಹುಲ್ಲನ್ನು ಎಮ್ಮೆಗಳಿಗೆಂದು ಹೊರೆ ಕಟ್ಟಿಕೊಂಡು ಹೋದರು. ಶ್ರಾವಣದ ಕೊನೆಗೆ ಮತ್ತೊಮ್ಮೆ ಬರುವುದಾಗಿ ಹೇಳಿದರು.