ಗರೀಬ, ಪರದೇಶಿ, ಮೂರ್: ಬೀದರಿನಲ್ಲಿ ‘ಒಥೆಲೊ’ ಓದು

ಷೇಕ್ಸ್‌ಪಿಯರನ ‘ಒಥೆಲೊ’ ನಾಟಕದ ಐತಿಹಾಸಿಕ ಹಿನ್ನೆಲೆಯನ್ನು ಕನ್ನಡ ವಿದ್ಯಾರ್ಥಿಗಳಿಗೆ ಪರಿಚಯಿಸುವ ಒಂದು ಸಿದ್ಧ ಕ್ರಮವಿದೆ. ಇಟಲಿಯ ಚಿಂತಿಯೊ 1565ರಲ್ಲಿ ಪ್ರಕಟಿಸಿದ ಕಥಾಸಂಗ್ರಹದಿಂದ ವಸ್ತು ಬಂದಿತು. 1570-71ರಲ್ಲಿ ಸೈಪ್ರಸ್ ದ್ವೀಪ ವೆನಿಸ್ಸಿನ ಕೈತಪ್ಪಿ ತುರ್ಕರ ವಶವಾಯಿತು. 1604ರ ನವೆಂಬರ್ 1ರಂದು ಮೊದಲನೆಯ ಜೇಮ್ಸ್ ದೊರೆಯ ಎದುರು ಲಂಡನ್ನಿನ ವೈಟ್‌ಹಾಲ್ ಅರಮನೆಯಲ್ಲಿ ನಾಟಕ ಪ್ರದರ್ಶನಗೊಂಡಿತು. ಇಷ್ಟನ್ನು ಒಂದು ಪುಟದಲ್ಲಿ ಮುಗಿಸಿ ನಾಯಕನ ಅಸೂಯೆಯ ಚರ್ಚೆಗೆ ಹೊರಳುವುದು ವಾಡಿಕೆ. ಹಿನ್ನೆಲೆಯೆಂಬುದು ಇಲ್ಲಿ ಬಾಗಿಲಲ್ಲಿ ಬಿಟ್ಟುಹೋಗುವ ಪಾದರಕ್ಷೆಯಂತೆ. ಕನ್ನಡದಲ್ಲಿ ಪಾಶ್ಚಾತ್ಯ ದುರಂತ ನಾಟಕಗಳ ರೂಪಾಂತರವನ್ನು ಕುರಿತು ಸಂಶೋಧನೆ ಮಾಡುತ್ತಿರುವ ನಾನು ಇದೇ ಹಿನ್ನೆಲೆಯ ಅಧ್ಯಾಯವನ್ನು ಬೀದರಿನಲ್ಲಿ ಕುಳಿತು ಬರೆಯಬೇಕಾಗಿ ಬಂದಾಗ, ಆ ಒಂದು ಪುಟ ಸಾಲದೆನಿಸಿತು. ಏಕೆಂದರೆ ನಾನು ದಿನವೂ ಹಾದುಹೋಗುವ ದಾರಿಯಲ್ಲಿ ಮಹಮೂದ್ ಗವಾನನ ಮದರಸಾ ಇದೆ.

ಗವಾನನ ಕಥೆಯನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ಇರಾನಿನ ಗಿಲಾನ್ ಪ್ರಾಂತದ ಈತ 1453ರಲ್ಲಿ ದಾಭೋಳ ಬಂದರಿಗಿಳಿದು ವ್ಯಾಪಾರಿಯಾಗಿ ಬೀದರಿಗೆ ಬಂದವನು. ಮೂರನೆಯ ಮುಹಮ್ಮದ್ ಷಾನ ಕಾಲಕ್ಕೆ ಬಹಮನಿ ರಾಜ್ಯದ ಪ್ರಧಾನ ಮಂತ್ರಿಯಾದವನು. 1472ರಲ್ಲಿ ಗೋವೆಯನ್ನು ಗೆದ್ದುಕೊಟ್ಟ. ನಾಲ್ಕಿದ್ದ ಪ್ರಾಂತಗಳನ್ನು ಎಂಟಾಗಿ ಒಡೆದು, ಪ್ರಾಂತಾಧಿಕಾರಿಯ ಕೈಯಲ್ಲಿ ಒಂದೇ ಕೋಟೆಯನ್ನುಳಿಸಿ ಮಿಕ್ಕವನ್ನು ಸುಲ್ತಾನನ ನೇರ ಆಡಳಿತಕ್ಕೆ ತಂದ. ಸರದಾರರ ಹಗೆತನಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿರಲಿಲ್ಲ. ಆ ಹಗೆತನ ದಖನಿ ಮತ್ತು ಆಫಾಕಿ ಎಂಬ ಎರಡು ಬಣಗಳ, ಅಂದರೆ ನೆಲೆಯೂರಿದವರ ಮತ್ತು ಹೊಸದಾಗಿ ಬಂದವರ, ಹಳೆಯ ಜಗಳದ ವೇಷ ತೊಟ್ಟಿತು. ವಿರೋಧಿಗಳು ಗವಾನನ ಮುದ್ರೆಯನ್ನು ಕಾಯುತ್ತಿದ್ದ ಹಬ್ಶಿ ಸೇವಕನನ್ನು ಒಲಿಸಿಕೊಂಡು, ಮತ್ತಿನಲ್ಲಿದ್ದ ಅವನಿಂದ ಒಂದು ಕಾಗದಕ್ಕೆ ಮುದ್ರೆ ಒತ್ತಿಸಿಕೊಂಡರು. ಒರಿಸ್ಸಾದ ದೊರೆಯನ್ನು ದಂಡೆತ್ತಿ ಬರುವಂತೆ ಕರೆಯುವ ಪತ್ರ ಆ ಕಾಗದದ ಮೇಲೆ ಹುಟ್ಟಿತು. ಮುದ್ರೆ ನನ್ನದು, ಬರಹ ನನ್ನದಲ್ಲ ಎಂದು ಗವಾನ್ ಹೇಳಿದ. ಕುಡಿದಿದ್ದ ಸುಲ್ತಾನ ವಿಚಾರಣೆಗೆ ನಿಲ್ಲಲಿಲ್ಲ. 1481ರ ಏಪ್ರಿಲ್ 5ರಂದು, ಎಪ್ಪತ್ತರ ಆಸುಪಾಸಿನ ಮಂತ್ರಿಯ ತಲೆ ಉರುಳಿತು. ವರ್ಷ ತುಂಬುವುದರೊಳಗೆ ಸುಲ್ತಾನನೂ ಸತ್ತ.

ಪತ್ರಲೇಖನ ಕಲೆಯನ್ನೇ ಕುರಿತು ‘ಮನಾಜಿರ್-ಉಲ್-ಇನ್ಶಾ’ ಎಂಬ ಗ್ರಂಥ ಬರೆದವನು, ‘ರಿಯಾಜ್-ಉಲ್-ಇನ್ಶಾ’ ಎಂಬ ತನ್ನ ಪತ್ರಗಳ ಸಂಕಲನವನ್ನು ಬಿಟ್ಟುಹೋದವನು, ತಾನು ಬರೆಯದ ಒಂದು ಪತ್ರದಿಂದ ಸತ್ತನು! ನಾಟಕಕಾರನೊಬ್ಬ ಇದನ್ನು ಕಲ್ಪಿಸಿದ್ದರೆ ಅತಿಯಾಯಿತೆಂದು ವಿಮರ್ಶಕರು ಆಕ್ಷೇಪಿಸುತ್ತಿದ್ದರೇನೋ.

ಕಣ್ಣಿಗೆ ಕಾಣುವ ಸಾಕ್ಷ್ಯ ಬೇಕೆಂದು ಒಥೆಲೊ ಕೇಳುತ್ತಾನೆ. ಅವನಿಗೆ ದೊರೆಯುವುದು ಒಂದು ಕರವಸ್ತ್ರ. ವಸ್ತು ನಿಜವಾದದ್ದೇ, ಅದಕ್ಕೆ ಅಂಟಿಸಿದ ಕಥೆ ಸುಳ್ಳು. ಗವಾನನ ಮುದ್ರೆಯ ಸ್ಥಿತಿಯೂ ಇದೇ. ಆದರೆ ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಿದರೆ ಅದು ಕೇವಲ ಕುತೂಹಲದ ಸಂಗತಿಯಾಗುತ್ತದೆ. ನನಗೆ ಮುಖ್ಯವೆನಿಸಿದ್ದು ಎರಡೂ ಕಡೆ ರಾಜ್ಯವು ಹೊರಗಿನವನನ್ನು ಬಳಸಿಕೊಂಡ ಬಗೆ. ತುರ್ಕರ ನೌಕಾಬಲ ಸೈಪ್ರಸ್ಸಿನತ್ತ ಬರುತ್ತಿರುವಾಗ ವೆನಿಸ್ಸಿನ ಹಿರಿಯರ ಸಭೆಗೆ ಒಥೆಲೊ ಬೇಕು. ಆದುದರಿಂದ ಮಗಳ ತಂದೆಯ ದೂರಿಗೆ ಬೆಲೆಯಿಲ್ಲ. ಎರಡನೆಯ ಅಂಕದ ಬಿರುಗಾಳಿ ತುರ್ಕರ ಹಡಗುಗಳನ್ನು ಮುಳುಗಿಸುತ್ತದೆ. ಅನಂತರ ಬರುವ ಆಜ್ಞೆ ಒಥೆಲೊನನ್ನು ಹಿಂದಕ್ಕೆ ಕರೆಸಿಕೊಂಡು ಕ್ಯಾಸಿಯೊನನ್ನು ಅವನ ಸ್ಥಾನಕ್ಕೆ ನೇಮಿಸುತ್ತದೆ. ಇಯಾಗೊನ ಪಿತೂರಿ ಫಲಿಸುವುದು ಈ ಎರಡು ಘಟನೆಗಳ ನಡುವೆ. ಅಸೂಯೆಯ ನಾಟಕವೆಂದು ಓದುವಾಗ ಈ ಆಜ್ಞೆ ಕಣ್ತಪ್ಪಿಹೋಗುತ್ತದೆ. ಗವಾನನ ಊರಿನಲ್ಲಿ ಓದುವಾಗ ಕಣ್ಣಿಗೆ ಹೊಡೆಯುತ್ತದೆ.

ಕಾಲದ ಸಾಮೀಪ್ಯವೂ ಗಮನಾರ್ಹ. ಗವಾನನ ಕೊಲೆಯನ್ನು ವಿವರವಾಗಿ ನಿರೂಪಿಸಿದ ಫಿರಿಶ್ತಾ, ಬಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲ್ ಷಾನ ಆಶ್ರಯದಲ್ಲಿ ತನ್ನ ಚರಿತ್ರೆಯನ್ನು ಬರೆಯುತ್ತಿದ್ದುದು 17ನೆಯ ಶತಮಾನದ ಮೊದಲ ದಶಕದಲ್ಲಿ, ಅಂದರೆ ‘ಒಥೆಲೊ’ ರಂಗಕ್ಕೆ ಬಂದ ದಶಕದಲ್ಲಿ. ಫಿರಿಶ್ತಾ ತಾನೂ ಇರಾನಿನಿಂದ ಬಂದವನು. ಅವನ ಅನುಕಂಪ ಯಾವ ಬಣದ ಕಡೆಗೆಂಬುದನ್ನು ಓದುಗನು ಮರೆಯಬಾರದು. ಅದೇ ವರ್ಷಗಳಲ್ಲಿ ಇಥಿಯೋಪಿಯಾ ಮೂಲದ ಮಲಿಕ್ ಅಂಬರ್ ಅಹಮದ್‌ನಗರದ ರಾಜ್ಯವನ್ನು ಎತ್ತಿಹಿಡಿದು ಮೊಗಲರೊಡನೆ ಕಾದಾಡುತ್ತಿದ್ದ. ಕಪ್ಪು ಸೇನಾನಿ ಲಂಡನ್ನಿನ ಪ್ರೇಕ್ಷಕನಿಗೆ ಬೆರಗಾಗಿದ್ದಿರಬಹುದು. ದಖನ್ನಿನಲ್ಲಿ ಅವನು ದೈನಂದಿನ ರಾಜಕಾರಣದ ಭಾಗವಾಗಿದ್ದ.

ಇನ್ನು ಶಬ್ದಗಳ ವಿಚಾರ. ಫಾರಸಿ ಚರಿತ್ರೆಗಳು ಆಫಾಕಿಗಳನ್ನು ‘ಗರೀಬ್’ ಎಂದೂ ಕರೆಯುತ್ತವೆ. ಅಲ್ಲಿ ಅದರ ಅರ್ಥ ಅಪರಿಚಿತ, ಪರನಾಡಿನವ. ನಮ್ಮ ಔರಾದ ತಾಲ್ಲೂಕಿನ ಹಳ್ಳಿಗಳ ಕನ್ನಡದಲ್ಲಿ ‘ಗರೀಬ’ನೆಂದರೆ ಬಡವ. ಕನ್ನಡದ ‘ಪರದೇಶಿ’ಯೂ ಇದೇ ದಾರಿ ಹಿಡಿದಿದೆ: ಬೇರೆ ದೇಶದವನೆಂಬ ಅರ್ಥ ಸವೆದು, ದಿಕ್ಕಿಲ್ಲದವನೆಂಬ ಅರ್ಥ ಉಳಿದಿದೆ. ಅಜ್ಜ ತೀರಿಕೊಂಡಾಗ ನಮ್ಮಜ್ಜಿ ತಾನು ಪರದೇಶಿಯಾದೆನೆಂದು ಅತ್ತದ್ದು ಹುಟ್ಟಿದೂರಿನಿಂದ ನಾಲ್ಕು ಮೈಲಿಯೊಳಗೆ. ನೆಲವಿಲ್ಲದವನಿಗೆ ಬಲವಿಲ್ಲವೆಂಬ ಅನುಭವವನ್ನು ಎರಡು ಭಾಷೆಗಳು ಬೇರೆ ಬೇರೆಯಾಗಿ ಒಂದೊಂದು ಶಬ್ದದಲ್ಲಿ ಅಡಗಿಸಿಟ್ಟಿವೆ. ದಕ್ಷಿಣದ ಒಂದು ನಗರದಲ್ಲಿ ನಡೆದ ವಿಚಾರ ಸಂಕಿರಣದಲ್ಲಿ, ಪ್ರಬಂಧ ಮಂಡಿಸಿ ಕೆಳಗಿಳಿದ ನನ್ನನ್ನು ವಿದ್ವಾಂಸರೊಬ್ಬರು ಕೇಳಿದ್ದು, ಮನೆಯಲ್ಲಿ ನೀವು ಮಾತಾಡುವುದು ಮರಾಠಿಯೋ ಉರ್ದುವೋ ಎಂದು. ಉದಗೀರಿನ ನಮ್ಮ ನಂಟರಿಗೋ ನಾವು ‘ಕಾನಡಿ’ಗಳು. ಹೀಗಾಗಿ ‘ವೆನಿಸ್ಸಿನ ಮೂರ್’ ಎಂಬ ಪದಪುಂಜದಲ್ಲಿರುವ ಬಿಕ್ಕಟ್ಟನ್ನು ವಿವರಿಸಿಕೊಳ್ಳಲು ನನಗೆ ಟಿಪ್ಪಣಿ ಬೇಕಾಗಲಿಲ್ಲ. ವೆನಿಸ್ಸಿನವನಾದರೆ ಮೂರ್ ಏಕೆ? ಮೂರನಾದರೆ ವೆನಿಸ್ಸಿನವನು ಹೇಗೆ?

ನಮ್ಮ ರೂಪಾಂತರಕಾರರು ಈ ಪದಪುಂಜವನ್ನು ಏನು ಮಾಡಿದರು? 19ನೆಯ ಶತಮಾನದ ಕೊನೆಯ ಭಾಗದಲ್ಲಿ ಮೈಸೂರಿನ ಬಸವಪ್ಪಶಾಸ್ತ್ರಿಗಳು ‘ಒಥೆಲೊ’ವನ್ನು ‘ಶೂರಸೇನ ಚರಿತ್ರೆ’ಯಾಗಿಸಿದರು. ಮರಾಠಿಯಲ್ಲಿ ಗೋವಿಂದ ಬಲ್ಲಾಳ ದೇವಲರು 1890ರಲ್ಲಿ ‘ಝುಂಝಾರರಾವ್’ ಎಂದು ಹೆಸರಿಟ್ಟರು. ಶೂರ, ಝುಂಝಾರ: ಎರಡೂ ಕಾದುವವನ ಗುಣವಾಚಕಗಳು. ಶೀರ್ಷಿಕೆಯಲ್ಲಿ ಪರಾಕ್ರಮ ಉಳಿಯಿತು, ಪರದೇಶಿತನ ಹೋಯಿತು. ಅನಂತರ ಬಂದ ವಿಮರ್ಶೆ ಟ್ರ್ಯಾಜಿಡಿಗೆ ತಕ್ಕ ಹೆಸರನ್ನು ಹುಡುಕುತ್ತ, ಬಿ.ಎಂ.ಶ್ರೀ. ಅವರ ‘ರುದ್ರನಾಟಕ’ದಿಂದ ಎಸ್.ವಿ. ರಂಗಣ್ಣನವರ ‘ಗಂಭೀರ ನಾಟಕ’ದವರೆಗೆ ಸಾಗಿತು. ಆ ಚಿಂತನೆಯ ಋಣ ದೊಡ್ಡದು. ಆದರೆ ದುರಂತದ ಬೀಜವನ್ನು ನಾಯಕನ ಸ್ವಭಾವದಲ್ಲಿ ಹುಡುಕುವ ಅಭ್ಯಾಸ ತರಗತಿಗಳಲ್ಲಿ ಗಟ್ಟಿಯಾಗಿ, ಅವನನ್ನು ನಿಲ್ಲಿಸಿದ ನೆಲದ ಪರೀಕ್ಷೆ ಹಿಂದುಳಿಯಿತೆಂದು ನನ್ನ ಅನಿಸಿಕೆ.

ಭಾಲ್ಕಿಯಲ್ಲಿ ತೊಂಬತ್ತರ ಸಮೀಪದ ನಿವೃತ್ತ ಶಿಕ್ಷಕರೊಬ್ಬರಿದ್ದಾರೆ. ನಿಜಾಮರ ಆಳ್ವಿಕೆಯಲ್ಲಿ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಊರು ಅದು. ಈ ಹಿರಿಯರಿಗೆ ಎರಡೂ ಭಾಷೆ ಸಲೀಸು, ಫಿರಿಶ್ತಾನನ್ನು ಉರ್ದುವಿನಲ್ಲಿ ಓದಿದವರು. ಮುದ್ರೆ ಒತ್ತಿದ ಸೇವಕನದೇ ಅಪರಾಧವಲ್ಲವೆ ಮಾಸ್ತರ್ರೇ ಎಂದು ಕೇಳಿದೆ. “ಅವನ ಹೆಸರು ಬಿಡಪ್ಪಾ. ಖಾಲಿ ಕಾಗದಕ್ಕ ಮೊಹರು ಬಿದ್ದರ ಆತು, ಮುಂದ ಯಾರು ಏನ್ ಬೇಕಾದರೂ ಬರೀಬಹುದು. ಹೊರಗಿಂದ ಬಂದವನ ಬಗ್ಗೆ ಮಂದಿ ಮೊದಲೇ ಬರ್ಕೊಂಡಿರ್ತಾರ, ಮೊಹರಷ್ಟೇ ಬೇಕಾಗಿರ್ತದ” ಎಂದರು. ಇಯಾಗೊನ ಬಗ್ಗೆ ನಾನು ಓದಿದ ಹಲವು ಲೇಖನಗಳಿಗಿಂತ ಈ ಮಾತು ಹೆಚ್ಚು ಉಪಯೋಗಕ್ಕೆ ಬಂದಿದೆ.

ಆದರೂ ಹೋಲಿಕೆ ಒಂದು ಕಡೆ ಒಡೆಯುತ್ತದೆ, ಒಡೆಯಲೂಬೇಕು. ಬೀದರಿನ ಕಥೆಯಲ್ಲಿ ನಂಬಿ ಮೋಸಹೋಗಿ ಕೊಲ್ಲಿಸುವವನು ಒಡೆಯನಾದ ಸುಲ್ತಾನ. ಹೊರಗಿನವನಾದ ಗವಾನ್ ಡೆಸ್ಡಿಮೋನಳ ಸ್ಥಾನದಲ್ಲಿದ್ದಾನೆ. ಷೇಕ್ಸ್‌ಪಿಯರ್ ಹೊರಗಿನವನ ಕೈಯಲ್ಲಿಯೇ ಕೊಲೆ ಮಾಡಿಸಿ, ವೆನಿಸ್ಸಿನ ಕೈಗೆ ರಕ್ತ ಅಂಟದಂತೆ ನೋಡಿಕೊಂಡ. ಬಹಮನಿ ಚರಿತ್ರೆಗೆ ಆ ಅನುಕೂಲವಿರಲಿಲ್ಲ. ಇಲ್ಲಿಯ ಆಫ್ರಿಕನ್ನನಿಗೆ ದೊರೆತದ್ದು ನಾಯಕನ ಪಾತ್ರವಲ್ಲ: ಮುದ್ರೆ ಒತ್ತಿದವನು ಹಬ್ಶಿ, ಕತ್ತಿ ಎತ್ತಿದ ಜೌಹರನೂ ಹಬ್ಶಿ. ಒಬ್ಬ ಪರದೇಶಿಯನ್ನು ಕೆಡವಲು ಇನ್ನಿಬ್ಬರು ಪರದೇಶಿಗಳು ಒದಗಿದರು. ನಗರದ ಅಂಚಿನಲ್ಲಿ ಹಬ್ಶಿ ಕೋಟ್ ಎಂಬ ದಿಬ್ಬವಿದೆ. ಅಲ್ಲಿರುವುದು ಹಬ್ಶಿ ಸರದಾರರ ಗೋರಿಗಳು. ಗವಾನನ ಗೋರಿ ಊರಾಚೆಯ ಗೋರನಳ್ಳಿಯಲ್ಲಿದೆ. ನನ್ನ ಅಧ್ಯಾಯದ ಕರಡಿನಲ್ಲಿ ಈಗ ವೆನಿಸ್ಸಿಗಿಂತ ಮೊದಲು ಈ ಎರಡು ಸ್ಥಳಗಳು ಬರುತ್ತವೆ. ಮಾರ್ಗದರ್ಶಕರು ಅಂಚಿನಲ್ಲಿ ಪೆನ್ಸಿಲ್ಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರೆ, ಹೊಡೆದುಹಾಕಿಲ್ಲ.