ಕೋಲು ಹಿಡಿಯೋಕೂ ಕೋಚಿಂಗು!

ಮೊದಲೇ ಹೇಳಿಬಿಡ್ತೀನಿ, ಗಾಲ್ಫ್ ಆಡುವಷ್ಟು ದೊಡ್ಡ ಮನುಷ್ಯ ನಾನಿನ್ನೂ ಆಗಿಲ್ಲ. ಆಫೀಸಿನ ಗೆಳೆಯನೊಬ್ಬ ಬೆಂಗಳೂರಿನ ಒಂದು ಡ್ರೈವಿಂಗ್ ರೇಂಜಿಗೆ ಎಳೆದುಕೊಂಡು ಹೋದ, ಅಷ್ಟೇ. ಬಕೆಟ್ ತುಂಬಾ ಚೆಂಡು ಕೊಡ್ತಾರೆ, ನಿಂತಲ್ಲೇ ನಿಂತು ಹೊಡೀತಾ ಇರೋದು. ಚೆಂಡು 46 ಗ್ರಾಂ ಕೂಡ ತೂಗಲ್ಲ, ಮೇಲಾಗಿ ಅಲುಗಾಡದೆ ಕೂತಿರತ್ತೆ. ಹೈಸ್ಕೂಲಿನಿಂದ ಕ್ರಿಕೆಟ್ ಬ್ಯಾಟ್ ಬೀಸಿದವನಿಗೆ ಇದ್ಯಾವ ಲೆಕ್ಕ ಅಂದುಕೊಂಡೆ. ಮೊದಲ ಹೊಡೆತ ಗಾಳಿಗೆ. ಎರಡನೆಯದು ಮ್ಯಾಟಿಗೆ. ಮೂರನೆಯದು ಬಲಕ್ಕೆ ತಿರುಗಿ ನೆಟ್ಟಿಗೆ ಬಡಿಯಿತು...

ಮರುವಾರ ಕೋಚ್ ಹತ್ತಿರ ಸೇರಿಕೊಂಡೆ. ಅವರು ನನ್ನ ಸ್ವಿಂಗ್ ನೋಡಲೇ ಇಲ್ಲ, "ಎಡಗೈ ತೋರಿಸಿ" ಅಂದರು. ಅಂಗೈ ನಡುವೆ ಬೊಬ್ಬೆ ಎದ್ದಿತ್ತು. "ಅಂಗೈಯಲ್ಲಿ ಹಿಡೀತಿದ್ದೀರಿ. ಇದು ಬೆರಳಿನ ಕೆಲಸ."

ಮೂರು ವಾರ ಬರೀ ಹಿಡಿಯೋದೇ ಪಾಠ. ನಗಬೇಡಿ! ಬಲಗೈ ಆಟಗಾರನಿಗೆ ಎಡಗೈ ಮೇಲೆ. ಕೋಲು ಕಿರುಬೆರಳ ಬುಡದಿಂದ ತೋರುಬೆರಳಿಗೆ ಓರೆಯಾಗಿ ಹಾಯಬೇಕು. ಬಗ್ಗಿ ನೋಡಿದರೆ ಎಡಗೈಯ ಎರಡು ಗೆಣ್ಣು ಕಾಣಬೇಕು. ಹೆಬ್ಬೆರಳು ತೋರುಬೆರಳ ನಡುವಿನ ಗೆರೆ ಬಲ ಭುಜದ ಕಡೆ ತಿರುಗಿರಬೇಕು. ಬಲಗೈ ಕಿರುಬೆರಳು ಎಡಗೈ ಬೆರಳುಗಳ ಮೇಲೆ ಕೂರಬೇಕು. ಇದನ್ನು ಜನಪ್ರಿಯ ಮಾಡಿದವನು 1896ರಿಂದ 1914ರೊಳಗೆ ಆರು ಸಲ ಬ್ರಿಟಿಷ್ ಓಪನ್ ಗೆದ್ದ ಹ್ಯಾರಿ ವಾರ್ಡನ್. ಜಾಕ್ ನಿಕ್ಲಾಸ್, ಟೈಗರ್ ವುಡ್ಸ್ ಇಬ್ಬರದೂ ಬೆರಳಿಗೆ ಬೆರಳು ಹೆಣೆಯುವ ಇನ್ನೊಂದು ರೀತಿ. ಹೇಗೇ ಹಿಡಿದರೂ ಬಿಗಿ ಬೇಡ. ಬಿಗಿ ಹಿಡಿದರೆ ಮೊಣಕೈವರೆಗೆ ಮರಗಟ್ಟಿ ಮಣಿಕಟ್ಟು ಮಡಚೋದೇ ಇಲ್ಲ. ಎಡಗೈಯ ಕೊನೆಯ ಮೂರು ಬೆರಳು ಹಿಡಿದರೆ ಸಾಕು.

ಗೆಳೆಯನ ಹಳೇ ಸೆವೆನ್ ಐರನ್ ತಂದು ಮನೆಯಲ್ಲೂ ದಿನಾ ಹಿಡಿದು ನೋಡ್ತಿದ್ದೆ. ಅದೇ ಹೊತ್ತಿಗೆ ಸಾಗರದ ಹತ್ತಿರದ ನಮ್ಮೂರಿಂದ ಅಪ್ಪ ಬಂದ.

"ಕೋಲು ಹಿಡಿಯೋಕೂ ದುಡ್ಡು ಕೊಡ್ತಾರೇನೋ?" ಅಂತ ನಕ್ಕ. ಚಿಕ್ಕವನಿದ್ದಾಗ ನಾನು ತೋಟದಲ್ಲಿ ಗುದ್ದಲಿ ಮುಟ್ಟಿದರೆ ಸಾಕು, "ನಿನ್ನ ಕೈಗೆ ಪೆನ್ನೇ ಸರಿ, ಹೋಗು" ಅಂತ ಕಿತ್ತುಕೊಳ್ಳುತ್ತಿದ್ದವನು ಅವನು. ಈಗ ನನ್ನ ಸರದಿ! ಅವನ ಕೈಗೆ ಕೋಲು ಕೊಟ್ಟು ಒಂದೊಂದೇ ಬೆರಳು ಹಿಡಿದು ಕೂರಿಸತೊಡಗಿದೆ. ಅಪ್ಪನ ಕೈ ಹಿಡಿದು ಎಷ್ಟು ವರ್ಷ ಆಗಿತ್ತೋ.

"ಕಿರುಬೆರಳು ಮಡಚು ಅಪ್ಪಾ."

"ಅದು ಮಡಚೂದಿಲ್ಲ ಮಾರಾಯಾ."

ನಾನೇ ಮಡಚಲು ನೋಡಿದೆ. ಎಡಗೈಯ ಕೊನೆಯ ಎರಡು ಬೆರಳು ಅರ್ಧಕ್ಕೇ ನಿಂತವು. ಅಪ್ಪ ಮುಖ ಕಿವುಚಿದ.

"ಯಾವಾಗಿಂದ?"

"ಹೋದ ಮಳೆಗಾಲದಿಂದ. ಬಲಗೈ ಇದೆಯಲ್ಲ, ನಡೀತದೆ."

ಪ್ರತಿ ಭಾನುವಾರ ಫೋನ್ ಮಾಡ್ತೀನಿ. ಮಳೆ ಎಷ್ಟು, ಅಡಿಕೆ ರೇಟ್ ಎಷ್ಟು, ಎಲ್ಲಾ ಆರಾಮಾ? ಎಲ್ಲಾ ಆರಾಮು. ಹೆಚ್ಚುಕಮ್ಮಿ ಒಂದು ವರ್ಷ ನಾನು ಕೇಳಿದ್ದು ಇಷ್ಟೇ, ಅವನು ಹೇಳಿದ್ದೂ ಇಷ್ಟೇ. ಅವನು ಒಂದೂವರೆ ಕೈಯಲ್ಲಿ ತೋಟ ನೋಡಿಕೊಳ್ಳುತ್ತಿದ್ದಾಗ ನಾನಿಲ್ಲಿ ಬೆರಳು ಕೂರಿಸೋದು ಕಲಿಯೋಕೆ ಫೀಸ್ ಕಟ್ಟಿದ್ದೆ.

ಸೋಮವಾರ ರಜೆ ಹಾಕಿ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ದಿನಾ ಮಾಡುವ ವ್ಯಾಯಾಮ ಹೇಳಿಕೊಟ್ಟಿದ್ದಾರೆ, ಆರು ವಾರ ಬಿಟ್ಟು ಮತ್ತೆ ನೋಡ್ತಾರಂತೆ. ಪೂರ್ತಿ ಸರಿಯಾಗತ್ತೆ ಅಂತ ಅವರೂ ಹೇಳಲಿಲ್ಲ. ಅಪ್ಪ ಮಾತ್ರ ಬಸ್ ಹತ್ತುವಾಗ ಬ್ಯಾಗನ್ನು ಎಡಗೈಯಲ್ಲೇ ಹಿಡಿದು ತೋರಿಸಿದ!

ಈಗ ಭಾನುವಾರದ ಮೊದಲ ಪ್ರಶ್ನೆ ಬೆರಳಿನದು, ಆಮೇಲೆ ಅಡಿಕೆ. ಮುಂದಿನ ಸಲ ಊರಿಗೆ ಹೋದಾಗ ಗುದ್ದಲಿ ಹಿಡಿಯೋದು ಕಲಿಸು ಅಂತ ಕೇಳಬೇಕು. ಫೀಸ್ ಎಷ್ಟು ಕೇಳ್ತಾನೋ ನೋಡೋಣ.

ಅಂದಹಾಗೆ ಚೆಂಡು ಈಗ ನೆಟ್ಟಗೆ ಹೋಗತ್ತೆ. ಹತ್ತಕ್ಕೆ ನಾಲ್ಕು ಸಲ :-)